ಇರಬಹುದು ಮತ್ತು ಇದೆ

ಶಿಗ್ಗಾಂವದಿಂದ ಬಾಡಕ್ಕೆ ಹೋಗುವ ದಾರಿಯಲ್ಲಿ ನಮ್ಮದೊಂದು ಚಿಕ್ಕ ಹೊಲವುಂಟು. ನಿವೃತ್ತರಾದ ಮೇಲೆ ಅಲ್ಲಿ ನಾಲ್ಕು ಮಾವಿನ ಗಿಡ ಬೆಳೆಯಿಸಬೇಕೆಂದು ಬಯಸಿ, ಕಳೆದ ಬೇಸಿಗೆಯಲ್ಲಿ ಕೊಳವೆ ಬಾವಿ ಕೊರೆಯಿಸಲು ಹೊರಟೆವು. ನೀರು ನೋಡುವವರು ಯಂತ್ರ ತಂದರು. ನೆಲದಲ್ಲಿ ನಾಲ್ಕು ಕಬ್ಬಿಣದ ಗೂಟ ಹೂಡಿ, ಹೊರಗಿನ ಎರಡರಿಂದ ವಿದ್ಯುತ್ತನ್ನು ಹರಿಯಿಸಿ, ಒಳಗಿನ ಎರಡರ ನಡುವೆ ಅಳೆದರು. ಒಣ ಕಲ್ಲು ವಿದ್ಯುತ್ತನ್ನು ತಡೆಯುವದು. ನೀರು ತುಂಬಿದ ಬಿರುಕು ಅದಕ್ಕೆ ದಾರಿ ಕೊಡುವದು. ಫ್ರಾನ್ಸ್ ದೇಶದ ಕಾನ್ರಾಡ್ ಶ್ಲಂಬರ್ಜೆ ಎಂಬವರು 1912ರಲ್ಲಿಯೇ ಇಂಥ ಪ್ರಯೋಗ ನಡೆಯಿಸಿದ್ದರು.

“ಇಲ್ಲಿ ತಡೆ ಕಡಿಮೆ, ನೀರಿರಬಹುದು” ಎಂದರು ಬಂದವರು. ನಮ್ಮ ಮನೆಯವರು ಕೈಬಳೆಗಳನ್ನು ಬಿಚ್ಚಿ ಒತ್ತೆಗೆ ಕೊಟ್ಟರು. 400 ಅಡಿ ಕೊರೆದರೂ ಬಂದದ್ದು ಬರಿಯ ಧೂಳು! ಜೇಡಿಮಣ್ಣೂ ವಿದ್ಯುತ್ತಿಗೆ ದಾರಿ ಕೊಡುವದೆಂಬದು ಆಮೇಲೆ ತಿಳಿಯಿತು.

ದಸರೆಗೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಬನ್ನಿ ಕೊಡಲು ಬಂದನು. ಕಡಲ ತಳದ ಕೆಳಗೆ ಎಣ್ಣೆಯನ್ನು ಹುಡುಕುವ ಹಡಗಿನಲ್ಲಿ ಅವನ ಕೆಲಸ. “ನೆಲದ ಮೇಲೆಯೇ ನಮ್ಮ ಗತಿ ಹೀಗಾಯಿತು; ಕಡಲಲ್ಲಿ ನಿಮ್ಮದು ಹೇಗಪ್ಪ?” ಎಂದು ಕೇಳಿದೆವು.

ಅಲ್ಲಿ ಎಲ್ಲವೂ ತಿರುವುಮುರುವಂತೆ. ನಾವು ದಾರಿ ಕೊಡುವದನ್ನು ಹುಡುಕಿದರೆ ಅವರು ತಡೆಯುವದನ್ನು ಹುಡುಕುವರು. ಉಪ್ಪುನೀರಿನ ತಡೆ ಸುಮಾರು 0.3 ಓಮ್-ಮೀಟರ್, ಉಪ್ಪುನೀರು ನೆನೆದ ಮರಳುಗಲ್ಲಿನದು ಒಂದೆರಡು, ಎಣ್ಣೆ ತುಂಬಿದ ಕಲ್ಲಿನದಾದರೋ ಹತ್ತಾರು, ಕೆಲವೆಡೆ ನೂರಕ್ಕೂ ಮೇಲು. ಮೊದಲು ಅಳೆಯುವ ಯಂತ್ರಗಳನ್ನು ಭಾರ ಕಟ್ಟಿ ಕಡಲ ತಳಕ್ಕೆ ಇಳಿಯಬಿಡುವರು. ಬಳಿಕ ನೂರಾರು ಮೀಟರು ಉದ್ದದ ತಂತಿಯನ್ನು ತಳದ ಸಮೀಪದಲ್ಲಿ ಎಳೆಯುತ್ತ, ಮೆಲ್ಲನೆ ದಿಕ್ಕು ಬದಲಿಸುವ ವಿದ್ಯುತ್ತನ್ನು ಹರಿಯಿಸುವರು. ಬೇಗ ಬೇಗ ಬದಲಿಸಿದರೆ ಅದು ನೀರಿನಲ್ಲಿಯೇ ಅಡಗುವದು. ಸೆಕೆಂಡಿಗೊಂದು ಆವರ್ತದ ಅಲೆಯೂ ಕಡಲ ನೀರಿನಲ್ಲಿ ಸುಮಾರು 275 ಮೀಟರು ಸಾಗುವಷ್ಟರಲ್ಲಿ ಮೂರನೆಯ ಒಂದು ಪಾಲಿನಷ್ಟಕ್ಕೆ ಕುಗ್ಗುವದು. ಆದರೆ ಎಣ್ಣೆಯ ಪದರಿನೊಳಗೆ ಸಾಗಿದ ಅಲೆ ಅಷ್ಟು ಬೇಗ ಕುಗ್ಗದೆ, ದೂರದ ಯಂತ್ರಗಳಿಗೆ ಮರಳಿ ಮುಟ್ಟುವದು. ನಾರ್ವೆಯ ಸ್ಟಾಟಾಯಿಲ್ ಕಂಪನಿಯವರು 2000ದಲ್ಲಿ ಆಫ್ರಿಕದ ಅಂಗೋಲಾ ತೀರದಾಚೆ, ಎಣ್ಣೆಯಿದೆಯೆಂದು ಮೊದಲೇ ತಿಳಿದಿದ್ದ ಜಾಗದ ಮೇಲೆ ಇದನ್ನು ಪರೀಕ್ಷಿಸಿದರು.

“ಹಾಗಾದರೆ ತಡೆ ಕಂಡಲ್ಲೆಲ್ಲ ಎಣ್ಣೆಯೋ?” ಎಂದೆವು.

“ಇಲ್ಲ, ಗುರುಗಳೇ. ಉಪ್ಪಿನ ಬಂಡೆಯೂ ತಡೆಯುತ್ತದೆ, ಲಾವಾದ ಕಲ್ಲೂ ತಡೆಯುತ್ತದೆ. ನಮ್ಮ ಕೃಷ್ಣಾ-ಗೋದಾವರಿ ಮುಖಗಳಾಚೆ 2006ರಲ್ಲಿ ಕಡಲ ತಳವನ್ನು ಕೊರೆದಾಗ, ಅನಿಲವನ್ನು ಒಡಲಲ್ಲಿಟ್ಟುಕೊಂಡ ಮಂಜುಗಡ್ಡೆಯಂಥ ವಸ್ತು ಸಿಕ್ಕಿತು, ಅದೂ ತಡೆಯುವಂಥದೇ. ಆದ್ದರಿಂದ ಶಬ್ದದ ಅಲೆಗಳಿಂದ ಪದರುಗಳ ಆಕಾರವನ್ನೂ ನೋಡಿ, ಎರಡನ್ನೂ ತಾಳೆಹಾಕಿ ಮುಂದುವರಿಯುತ್ತೇವೆ. ಆಗಲೂ ನಾವು ಬರೆಯುವದು ‘ಇರಬಹುದು’ ಎಂದೇ.”

ಈ ಮಾತು ನಮ್ಮನ್ನು ನಾಚಿಸಿತು. ಹೊಗೆಯಿಂದ ಬೆಂಕಿಯನ್ನು ತಿಳಿಯುವ ಅನುಮಾನಪ್ರಕರಣವನ್ನು ಎಷ್ಟು ವರ್ಷ ಪಾಠ ಹೇಳಿದವರು ನಾವು! ಸಾಧ್ಯವಿಲ್ಲದ ಕಡೆಯಲ್ಲಿಯೂ ಇರುವ ಹೇತುವು ಸವ್ಯಭಿಚಾರ, ಅದನ್ನು ನಂಬಲಾಗದು ಎಂದು ಮಕ್ಕಳಿಗೆ ಕಲಿಸಿದೆವು. ವರಾಹಮಿಹಿರನು ಬೃಹತ್ಸಂಹಿತೆಯ ದಕಾರ್ಗಲಾಧ್ಯಾಯದಲ್ಲಿ ಗಿಡ, ಹುತ್ತ ಮುಂತಾದ ಗುರುತುಗಳಿಂದ ಅಂತರ್ಜಲವನ್ನು ಊಹಿಸುವ ಬಗೆಯನ್ನು ಹೇಳಿದ್ದಾನೆ. ಗುರುತು ಹುತ್ತವಾಗಲಿ, ಯಂತ್ರದ ಅಂಕೆಯಾಗಲಿ, ಅನುಮಾನವು ಅನುಮಾನವೇ. ನೀರಿಲ್ಲದ ಜೇಡಿಯಲ್ಲಿಯೂ ಇರುವ ಗುರುತನ್ನು ನೀರಿನ ಗುರುತೆಂದು ನಂಬಿದವರು ನಾವು; ಯಂತ್ರವು ಸುಳ್ಳಾಡಿರಲಿಲ್ಲ.

ಅಡಿಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿದ ಮನೆಯವರು, “ಅವರು ಇರಬಹುದು ಅಂದ್ರು; ಅದ ಅಂದವರು ನೀವು” ಎಂದರು. ನಾವು ತಲೆ ತಗ್ಗಿಸಿದೆವು.

ಮತ್ತೊಮ್ಮೆ ಕೊರೆಯಿಸುವ ಮುನ್ನ ಯಂತ್ರದ ಅಂಕೆಯೊಡನೆ ನೆರೆಯ ಬಾವಿಗಳ ಬೇಸಿಗೆಯ ನೀರನ್ನೂ ಅಳೆದು ನೋಡುವದೆಂದು ನಿಶ್ಚಯಿಸಿದ್ದೇವೆ. ಒತ್ತೆಯಿಟ್ಟ ಬಳೆಗಳನ್ನು ಬಿಡಿಸುವದು ಅದಕ್ಕೂ ಮೊದಲಿನ ಕೆಲಸ.