ಮೊರೊವಾಲಿಯ ರಾತ್ರಿ ಪಾಳಿ

ಕುಲುಮೆಯ ಬಾಯಿಂದ ನೀವು ಹತ್ತೇ ಹೆಜ್ಜೆ ದೂರದಲ್ಲಿದ್ದೀರಿ. ಝಳ ಮುಖಕ್ಕೆ ರಾಚಿ ರೆಪ್ಪೆ ಒಣಗುತ್ತಿದೆ. ಹೆಲ್ಮೆಟ್ಟಿನೊಳಗಿಂದ ಇಳಿದ ಬೆವರು ತುಟಿಯ ಮೇಲೆ ಉಪ್ಪುಪ್ಪು. ಮಾಸ್ಕ್ ಇದ್ದರೂ ಕಲ್ಲಿದ್ದಲ ಘಾಟು ಗಂಟಲು ಕೆರೆಯುತ್ತದೆ. ಇದು ಇಂಡೊನೇಷ್ಯಾದ ಸುಲಾವೆಸಿ ದ್ವೀಪ. ಚೀನಾದ ತ್ಸಿಂಗ್‌ಶಾನ್ ಕಂಪನಿ ಸ್ಥಳೀಯ ಪಾಲುದಾರರ ಜೊತೆ ಕಟ್ಟಿದ ಮೊರೊವಾಲಿ ಕೈಗಾರಿಕಾ ಪಾರ್ಕು.

ಒಳಗೆ ಕುದಿಯುತ್ತಿರುವುದು ಕೆಂಪು ಮಣ್ಣು. ಟನ್ನಿಗೆ ಸಿಗುವ ನಿಕಲ್ 15–20 ಕಿಲೊ ಅಷ್ಟೇ, ಅಷ್ಟಕ್ಕೇ ಇಡೀ ಟನ್ನನ್ನು ಕರಗಿಸಬೇಕು. ಹಿಂದೆ ಈ ಅದಿರು ಹಡಗು ಹತ್ತಿ ಚೀನಾಕ್ಕೆ ಹೋಗುತ್ತಿತ್ತು. 2014ರಲ್ಲೊಮ್ಮೆ, ಸಡಿಲಿಸಿ ಮತ್ತೆ 2020ರಲ್ಲಿ, ಸರ್ಕಾರ ಹಸಿ ಅದಿರಿನ ರಫ್ತನ್ನು ನಿಷೇಧಿಸಿತು. ಬೇಕಾದವರು ಕುಲುಮೆಯನ್ನೇ ಇಲ್ಲಿಗೆ ತಂದರು. ಅಲ್ಲಿ ಏಳುತ್ತಿದ್ದ ಹೊಗೆ ಈಗ ಇಲ್ಲಿ ಏಳುತ್ತಿದೆ, ಇಂಡೊನೇಷ್ಯಾದ ಲೆಕ್ಕಕ್ಕೆ.

"ತಡಿ!"

ಪಕ್ಕದವನ ತೋಳು ನಿಮ್ಮ ಎದೆಗೆ ಅಡ್ಡ ಬರುತ್ತದೆ. ಗೋಡೆಯೊಳಗೆ ಏನೋ ಚುಂಯ್ ಅಂತು. ನೀರೇ? ಕರಗಿದ ಲೋಹದಡಿ ನೀರು ಸಿಕ್ಕಿಕೊಂಡರೆ ಕ್ಷಣದಲ್ಲಿ ಆವಿ, ಆಮೇಲೆ ಸ್ಫೋಟ. 2023ರ ಡಿಸೆಂಬರ್ 24ರ ಬೆಳಗ್ಗೆ, ಕಾರಣ ಬೇರೆಯಿದ್ದರೂ, ಇದೇ ಪಾರ್ಕಿನ ಕುಲುಮೆಯೊಂದು ದುರಸ್ತಿಯ ವೇಳೆ ಸಿಡಿದು 21 ಮಂದಿ ಸತ್ತರು. ಓಡಬೇಕೆ? ಓಡಿ ಏನೂ ಆಗದಿದ್ದರೆ ನಾಳೆ ಕೆಲಸ ಇರುತ್ತದೆಯೇ? ಬಾಯಿ ಒಣಗಿದೆ. ಮೊಣಕಾಲಲ್ಲಿ ನಡುಕ. ಒಂದು ಉಸಿರು. ಇನ್ನೊಂದು. ಸದ್ದು ಅಡಗುತ್ತದೆ. ನೀವು ನಿಂತಲ್ಲೇ ನಿಂತಿದ್ದೀರಿ; ಅದು ಧೈರ್ಯವೇನಲ್ಲ, ಊರಿಗೆ ಕಳಿಸಬೇಕಾದ ಸಂಬಳ.

ಬೆಳಗಾದ ಮೇಲೆ ಹೊರಗೆ ಬಂದರೆ ಸಮುದ್ರದ ದಂಡೆಗೆ ಕಲ್ಲಿದ್ದಲ ದೋಣಿಗಳು, ಅವುಗಳ ಹಿಂದೆ ವಿದ್ಯುತ್ ಸ್ಥಾವರದ ಚಿಮಣಿಗಳು. ಊರಿಗಲ್ಲ, ಕಾರ್ಖಾನೆಗೆ ಮಾತ್ರ ಕರೆಂಟು ಕೊಡುವ ಸ್ಥಾವರಗಳಿವು. ನಿಕಲ್ ಬಹುಪಾಲು ಸ್ಟೇನ್‌ಲೆಸ್ ಸ್ಟೀಲಿಗೆ, ಒಂದಿಷ್ಟು ಎಲೆಕ್ಟ್ರಿಕ್ ಕಾರಿನ ಬ್ಯಾಟರಿಗೆ. ಆ ಕಾರು ಓಡುವ ಊರಿನಲ್ಲಿ ಗಾಳಿ ಚೊಕ್ಕಟ. ನೀವು ಇಲ್ಲಿ ಕೆಮ್ಮುತ್ತ ಬೈಕ್ ಹುಡುಕುತ್ತೀರಿ.

ಬರೀ ಮಣ್ಣು ಮಾರಿಕೊಂಡಿರಿ ಎಂದು ಈ ದೇಶಕ್ಕೆ ಬುದ್ಧಿ ಹೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ಬಂಡವಾಳಕ್ಕೆ ಬಾಗಿಲು ತೆರೆಯುವಾಗ ಉರುವಲು ಯಾವುದೆಂದು ಗಟ್ಟಿಯಾಗಿ ಕೇಳಬೇಕಿತ್ತು. ಹೊರದೇಶಗಳಲ್ಲಿ ಹೊಸ ಕಲ್ಲಿದ್ದಲ ಸ್ಥಾವರ ಕಟ್ಟುವುದಿಲ್ಲವೆಂದು ಚೀನಾದ ಅಧ್ಯಕ್ಷ ಷಿ ಜಿನ್‌ಪಿಂಗ್ 2021ರಲ್ಲಿ ಮಾತು ಕೊಟ್ಟರು. ಮರುವರ್ಷ ಇಂಡೊನೇಷ್ಯಾ ಕೂಡ ಹೊಸ ಸ್ಥಾವರಗಳಿಗೆ ತಡೆ ಹಾಕಿತು, ಖನಿಜ ಸಂಸ್ಕರಿಸುವ ಕಾರ್ಖಾನೆಗಳ ಸ್ವಂತ ಸ್ಥಾವರಗಳಿಗೆ ಷರತ್ತಿನ ವಿನಾಯಿತಿ ಕೊಟ್ಟು. ಆ ನಿಯಮದ ಪ್ರಕಾರ ಅವು 2050ರವರೆಗೂ ಉರಿಯಬಹುದು.