ಲೋಡ್ ಇದ್ದಾಗ ಮಾತ್ರ

"ಗೇರ್ ಬದಲಿಸಿದಾಗ ಕೆಳಗಡೆ ಟಕ್ ಅನ್ನುತ್ತೆ ಕಣೋ" ಅಂತ ಅಪ್ಪ 3 ತಿಂಗಳಿಂದ ಹೇಳ್ತಿದ್ರು. ಊರಿಗೆ ಹೋದಾಗೆಲ್ಲ ನಾನು ಹಳೇ ಪಿಕಪ್ಪನ್ನು ಖಾಲಿಯಾಗಿ ಒಂದು ಸುತ್ತು ಓಡಿಸಿ, "ಏನೂ ಇಲ್ಲಪ್ಪ" ಅಂತಿದ್ದೆ. ಆಫೀಸಲ್ಲೂ ಹಾಗೇ, ನಮ್ಮ ಸಿಸ್ಟಮ್‌ನಲ್ಲಿ ಕಾಣಿಸದ ಬಗ್‌ನ ಟಿಕೆಟ್ ಕ್ಲೋಸ್!

ಈ ಸಲ ತೆಂಗಿನಕಾಯಿ ತುಂಬಿದ ಗಾಡಿಯಲ್ಲಿ ಅಪ್ಪನ ಪಕ್ಕ ಕೂತೆ. ದಿಬ್ಬದಲ್ಲಿ ಸದ್ದು ಬಂತು. ಭಾರಕ್ಕೆ ಹಿಂಬದಿ ತಗ್ಗಿ ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗುತ್ತೆ, ಎಳೆತವೂ ಹೆಚ್ಚುತ್ತೆ. ಇಂಜಿನ್ ಆಫ್ ಮಾಡಿ, ಚಕ್ರಕ್ಕೆ ಕಲ್ಲು ಕೊಟ್ಟು, ಶಾಫ್ಟನ್ನು ಕೈಯಲ್ಲಿ ತಿರುಚಿದರೆ ಯೂನಿವರ್ಸಲ್ ಜಾಯಿಂಟ್ ಲಡಲಡ ಅಲ್ಲಾಡ್ತಿತ್ತು. ಇದೇ ಗಾಡಿಯಲ್ಲಿ ಅಪ್ಪ ಒಬ್ಬರೇ ರಾತ್ರಿ ಲೋಡ್ ಹೊಡೀತಿದ್ರು.

ಜಾಯಿಂಟ್ ಬದಲಿಸಿದ್ವಿ. ಈಗ ಅವರು "ಮಂಡಿ ನೋವು" ಅಂದರೆ, "ಯಾವಾಗಪ್ಪ, ಮೆಟ್ಟಿಲು ಹತ್ತುವಾಗಲಾ, ಇಳಿಯುವಾಗಲಾ?" ಅಂತ ಕೇಳ್ತೀನಿ.