ತೂಕಕ್ಕೆ ಸಿಗದ ಗಾಳಿ

ಇಂಗ್ಲೆಂಡಿನ ಲೆಕ್ಕಿಗರಿಗೆ ಜನವರಿಯೆಂದರೆ ಶೂನ್ಯಮಾಸ. 31ನೇ ತಾರೀಖಿನೊಳಗೆ ಗಿರಾಕಿಗಳ ತೆರಿಗೆ ರಿಟರ್ನುಗಳೆಲ್ಲ ಹೋಗಬೇಕು. ಅಂಥ ತಿಂಗಳ ಮೊದಲ ವಾರದಲ್ಲೇ ನನ್ನ ಕಾರಿನ ಇಂಜಿನ್ ದೀಪ ಹಳದಿಯಾಗಿ ಹೊತ್ತಿಕೊಂಡಿತು.

ಕಾರು 2006ರದ್ದು. ಎರಡು ಲೀಟರಿನ ಪೆಟ್ರೋಲ್ ಇಂಜಿನ್, ಅದಕ್ಕೊಂದು ಟರ್ಬೊ. ರೆಡಿಂಗ್‌ಗೆ ಬಂದ ಹೊಸದರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಮಗಳು ಹುಟ್ಟಿದಾಗ ಆಸ್ಪತ್ರೆಯಿಂದ ಮನೆಗೆ ಕರೆತಂದದ್ದು ಅದರಲ್ಲೇ. "ಮಾರಿಬಿಡಿ ಅಂದ್ರೆ ಕೇಳಲ್ಲ ನೀವು" ಎನ್ನುವುದು ನನ್ನಾಕೆಯ ವಾರ್ಷಿಕ ವರದಿ. ಈ ಸಲ ಎದುರು ಮಾತಾಡುವ ಹಾಗಿರಲಿಲ್ಲ. ಇಲ್ಲಿ ಮೂರು ವರ್ಷ ದಾಟಿದ ಕಾರಿಗೆ ಪ್ರತಿ ವರ್ಷ ಎಂಒಟಿ ಎಂಬ ಪರೀಕ್ಷೆ ಇದೆ. ಆ ದೀಪ ಉರಿಯುತ್ತಿದ್ದರೆ ಫೇಲು. ನನ್ನ ಕಾರಿನ ಗಡುವು 28ಕ್ಕಿತ್ತು.

ಗ್ಯಾರೇಜಿನಲ್ಲಿ ಕಂಪ್ಯೂಟರ್ ಸಿಕ್ಕಿಸಿ ನೋಡಿ, ಕೋಡು ಪಿ 0171 ಎಂದರು. ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ ಎಂದರ್ಥ. ಗಾಳಿ ಅಳೆಯುವ ಸೆನ್ಸರ್ ಕೆಟ್ಟಿದೆ, ಬದಲಾಯಿಸಿ ಎಂದರು. 140 ಪೌಂಡ್ ಕೊಟ್ಟು ಹೊಸದು ತರಿಸಿ, ಎರಡು ಸ್ಕ್ರೂ ಬಿಚ್ಚಿ ನಾನೇ ಹಾಕಿದೆ. ಕೋಡು ಅಳಿಸಿದೆವು, ದೀಪ ಆರಿತು. ನಾಲ್ಕನೇ ದಿನ ಮತ್ತೆ ಹೊತ್ತಿತು.

ಆಮೇಲೆ ನನಗೆ ಹಟ ಬಂತು. 15 ಪೌಂಡಿನ ಒಂದು ಬ್ಲೂಟೂತ್ ಅಡಾಪ್ಟರ್ ತಂದು, ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿ, ಫೋನಿನಲ್ಲಿ ಅಂಕಿ ನೋಡಲು ಕೂತೆ. ಕಾರು ಅಂದರೆ ನನಗೇನೂ ತಿಳಿಯದು. ಅಂಕಿ ಅಂದರೆ ಸ್ವಲ್ಪ ತಿಳಿಯುತ್ತದೆ. ಆ ಸೆನ್ಸರಿನೊಳಗೆ ಕಾದ ಒಂದು ತಂತಿ ಇರುತ್ತದೆ. ಒಳಬರುವ ಗಾಳಿ ಅದನ್ನು ತಣಿಸುತ್ತದೆ. ಬಿಸಿ ಉಳಿಸಿಕೊಳ್ಳಲು ಎಷ್ಟು ಕರೆಂಟು ಬೇಕಾಯಿತು ಎನ್ನುವುದರ ಮೇಲೆ ಗಾಳಿಯ ತೂಕ ಗೊತ್ತಾಗುತ್ತದೆ. ಒಂದು ಗ್ರಾಂ ಪೆಟ್ರೋಲಿಗೆ 14.5 ಗ್ರಾಂ ಆಸುಪಾಸು ಗಾಳಿ ಬೇಕು. ಆ ಲೆಕ್ಕದಲ್ಲಿ ಪೆಟ್ರೋಲು ಹೋಗುತ್ತದೆ. ಸುಟ್ಟ ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿಯಿತೆಂದು ಇನ್ನೊಂದು ಸೆನ್ಸರ್ ನೋಡುತ್ತದೆ, ಅದೇ ಆಡಿಟರ್. ತಾಳೆಯಾಗದಿದ್ದರೆ ಕಂಪ್ಯೂಟರು ಪೆಟ್ರೋಲನ್ನು ಶೇಕಡಾವಾರು ಹೆಚ್ಚುಕಡಿಮೆ ಮಾಡಿ ಸರಿದೂಗಿಸುತ್ತದೆ. ಇದಕ್ಕೆ ಫ್ಯೂಯೆಲ್ ಟ್ರಿಮ್ ಎನ್ನುತ್ತಾರೆ. ನಮ್ಮ ಭಾಷೆಯಲ್ಲಿ ಸಸ್ಪೆನ್ಸ್ ಅಕೌಂಟು. ಅದು ಮಿತಿ ಮೀರಿ ಬೆಳೆದಾಗಲೇ ದೀಪ ಹೊತ್ತುವುದು.

ಭಾನುವಾರ ಬೆಳಿಗ್ಗೆ, ಎರಡು ಡಿಗ್ರಿ ಚಳಿ. ಮಗಳು ಕಂಬಳಿ ಹೊದ್ದು ಸೀಟಿನಲ್ಲಿ ಕೂತು ಓದುತ್ತಿದ್ದಳು, ನಾನು ಹಳೇ ಲಕೋಟೆಯ ಹಿಂದೆ ಬರೆದುಕೊಳ್ಳುತ್ತಿದ್ದೆ. ಸುಮ್ಮನೆ ನಿಂತ ಇಂಜಿನ್: ಟ್ರಿಮ್ 22. "ಈಗ 2500ಕ್ಕೆ ಏರಿಸು." "ಅಪ್ಪಾ, ಇಳೀತಿದೆ... 6!"

ಸೆನ್ಸರೇ ಕಡಿಮೆ ಅಳೆಯುತ್ತಿದ್ದರೆ ಇಂಜಿನ್ ಹೆಚ್ಚು ಗಾಳಿ ಎಳೆದಾಗಲೂ ವ್ಯತ್ಯಾಸ ಉಳಿಯಬೇಕು, ಬೆಳೆಯಲೂಬಹುದು. ಇಲ್ಲಿ ಕರಗುತ್ತಿತ್ತು. ಅಂದರೆ ಎಲ್ಲೋ ಒಂದು ಕಡೆ ಗೊತ್ತಾದಷ್ಟು ಗಾಳಿ, ತಕ್ಕಡಿಗೆ ಏರದೆಯೇ ಒಳಗೆ ನುಸುಳುತ್ತಿತ್ತು. ವಹಿವಾಟು ದೊಡ್ಡದಾದಾಗ ಅದು ಲೆಕ್ಕಕ್ಕೇ ಬರುತ್ತಿರಲಿಲ್ಲ, ಅಷ್ಟೆ.

ತಕ್ಕಡಿ ಅಂದೊಡನೆ ಶಿವಮೊಗ್ಗದ ಅಡಿಕೆ ಮಂಡಿ ನೆನಪಾಯಿತು. 2000ದ ಮಾರ್ಚ್, ನಾನು ಆರ್ಟಿಕಲ್ ಕ್ಲರ್ಕು, ವಯಸ್ಸು 21. ಒಂದು ಮಂಡಿಯ ಸ್ಟಾಕಿನಲ್ಲಿ ಎರಡು ಕ್ವಿಂಟಾಲ್ 40 ಕೆಜಿ ಅಡಿಕೆ ಕಡಿಮೆ ಬಂತು. ತೂಕ ಹಾಕುತ್ತಿದ್ದವರು ನನ್ನ ತಂದೆಯ ವಯಸ್ಸಿನವರು. ನಾನು ಅವರಿಂದ ಮೂರು ಸಲ ತೂಗಿಸಿದೆ. ಮೂರನೇ ಸಲ ಅವರು ಏನೂ ಹೇಳಲಿಲ್ಲ, ಹೆಗಲ ಟವೆಲ್ಲಿನಿಂದ ತಕ್ಕಡಿ ತಟ್ಟೆ ಒರೆಸಿ, "ನೋಡಿ ಸ್ವಾಮಿ, ನೀವೇ ಹಾಕಿ" ಎಂದು ದೂರ ನಿಂತರು. ಮಂಡಿಯ ಹುಡುಗರೆಲ್ಲ ನೋಡುತ್ತಿದ್ದರು. ಎರಡು ದಿನ ಆದಮೇಲೆ ಗೊತ್ತಾಯಿತು: 240 ಚೀಲದ ಒಂದು ಖರೀದಿಯನ್ನು ಗುಮಾಸ್ತರು ಗೋಣಿಸಮೇತ ಬರೆದಿದ್ದರು, ಮಾರಾಟವನ್ನು ಗೋಣಿ ಕಳೆದು. ಚೀಲಕ್ಕೆ ಒಂದೊಂದು ಕೆಜಿ. ನಮ್ಮ ಹಾಳೆಯ ಷರಾ ಹೊಡೆದುಹಾಕಿ ಕಾಫಿ ಕುಡಿದು ಬಂದೆವು. ಅವರಿಗೆ ಯಾರೂ ಏನೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಬಾನೆಟ್ ಕೆಳಗೆ ಹುಡುಕಲು ನಾನು ಬಳಸಿದ್ದು ತೋಟಕ್ಕೆ ನೀರು ಬಿಡುವ ಪೈಪಿನ ಒಂದು ಮೊಳದ ತುಂಡು. ಒಂದು ತುದಿ ಕಿವಿಗೆ, ಇನ್ನೊಂದನ್ನು ಬೆಲ್ಟು, ಫ್ಯಾನಿನಿಂದ ದೂರವಿಟ್ಟು ರಬ್ಬರ್ ಪೈಪುಗಳ ಗುಂಟ. (ಊದುಬತ್ತಿ ಹಚ್ಚಿ ಹೊಗೆ ಎತ್ತ ಎಳೆಯುತ್ತದೆ ನೋಡೋಣ ಎಂದು ಮಗಳ ಸಲಹೆ. ಪೆಟ್ರೋಲಿನ ಹತ್ತಿರ ಕಿಡಿ ಬೇಡಮ್ಮಾ ಎಂದೆ.) ಇಂಜಿನ್ನಿನ ಎಣ್ಣೆಯಾವಿಯನ್ನು ಮತ್ತೆ ಒಳಕ್ಕೆ ಎಳೆದುಕೊಳ್ಳುವ ಬ್ರೀದರ್ ಪೈಪಿನ ಬಳಿ ಹಾವು ಬುಸುಗುಟ್ಟಿದಂಥ ಸದ್ದು. ಬಟ್ಟೆ ಸುತ್ತಿ ಇಕ್ಕಳದಿಂದ ಅದನ್ನು ಹಿಡಿದು ಒತ್ತಿದೆ. "ಅಪ್ಪಾ, ಮೈನಸ್ಸಿಗೆ ಹೋಯ್ತು!" ಎಂದು ಕೂಗಿದಳು.

ಬಿಚ್ಚಿದಾಗ ನೋಡಿದರೆ ಪೈಪಿನ ಅಡಿಭಾಗದಲ್ಲಿ, ಕಣ್ಣಿಗೆ ಕಾಣದ ಕಡೆ, ಹೆಬ್ಬೆರಳುದ್ದದ ಬಿರುಕು. ವರ್ಷಗಟ್ಟಲೆ ಎಣ್ಣೆ ಕುಡಿದು, ಟರ್ಬೊ ಬಿಸಿಗೆ ರಬ್ಬರು ಹಪ್ಪಳವಾಗಿತ್ತು. ಸುಮ್ಮನೆ ನಿಂತಾಗ ಹೊರಗಿನ ಗಾಳಿ ಅದರಲ್ಲಿ ಒಳಬರುತ್ತಿತ್ತು. ಟರ್ಬೊ ಒತ್ತಿದಾಗ ಅದೇ ಬಿರುಕಿನಿಂದ ಹೊರಹೋಗುತ್ತಿತ್ತು. ಏರು ರಸ್ತೆಯಲ್ಲಿ ಕಾರು ಏದುಸಿರು ಬಿಡುತ್ತಿದ್ದುದೂ ಅದಕ್ಕೇ. ಹೊಸ ಪೈಪು 18 ಪೌಂಡ್.

ವಾರ ಓಡಿಸಿದ ಮೇಲೆ ಟ್ರಿಮ್ 3ಕ್ಕೆ ನಿಂತಿತು, 27ಕ್ಕೆ ಎಂಒಟಿ ಪಾಸು. ರಿಟರ್ನುಗಳೂ ಮುಗಿದವು.

ಫೆಬ್ರುವರಿಯ ಮೊದಲ ಭಾನುವಾರ ಹಳೆಯ ಸೆನ್ಸರನ್ನು ಡಬ್ಬಿಯಿಂದ ತೆಗೆದು ಮತ್ತೆ ಕಾರಿಗೆ ಹಾಕಿ ನೋಡಿದೆ. ಸೆಕೆಂಡಿಗೆ 3 ಗ್ರಾಂ; ಹೊಸದು ತೋರಿಸುತ್ತಿದ್ದದ್ದೂ ಅಷ್ಟೇ. "140 ಪೌಂಡ್ ಹೋಯ್ತಲ್ಲ" ಎಂದಳು ನನ್ನಾಕೆ ಕಿಟಕಿಯಿಂದ. ಹೊಸದನ್ನು ಒರೆಸಿ ಡಬ್ಬಿಗೆ ಹಾಕಿ ಶೆಡ್ಡಿನಲ್ಲಿಟ್ಟೆ. ಕಾರಿನಲ್ಲಿರುವುದು ಈಗಲೂ ಹಳೆಯದೇ.